ಸರ್ಕಾರದ ಹಾಜರಿ ಯಾರು ಕೂಗುತ್ತಾರೆ?

ಕಾಲೇಜಿನಲ್ಲಿ ಹಾಜರಿ ಪುಸ್ತಕ ಎಂಬುದೊಂದಿದೆ. ನೂರಕ್ಕೆ 75ರಷ್ಟು ತರಗತಿಗೆ ಬಾರದವನಿಗೆ ಪರೀಕ್ಷೆ ಇಲ್ಲ ಎನ್ನುತ್ತದೆ ಆ ಪುಸ್ತಕ. ಒಳ್ಳೆಯ ನಿಯಮವೇ, ಬೇಡ ಅನ್ನೋರು ಯಾರು? ಆದರೆ ಆ ಪುಸ್ತಕದಲ್ಲಿ ಇರುವುದು ಹುಡುಗ ಹುಡುಗಿಯರ ಹೆಸರು ಮಾತ್ರ. ಪಾಠ ಹೇಳುವವರನ್ನು ಕಳಿಸಬೇಕಾದ ಸರ್ಕಾರದ ಹೆಸರಿಲ್ಲ. ಓದುವವರನ್ನು ಹೊತ್ತು ತರಬೇಕಾದ ಬಸ್ಸಿನ ಹೆಸರೂ ಇಲ್ಲ. ಇವರಿಬ್ಬರ ಹಾಜರಿಯನ್ನೂ ಒಂದು ಸಲ ಕೂಗಿ ನೋಡಿದರೆ, ಪರೀಕ್ಷೆಗೆ ಕೂರುವ ಯೋಗ್ಯತೆ ಯಾರಿಗೆ ಉಳಿದೀತು?

ಪಟ್ಟನಾಯಕನಹಳ್ಳಿಯನ್ನೇ ತೆಗೆದುಕೊಳ್ಳಿ. ಶಿರಾ ತಾಲ್ಲೂಕಿನ ಹೆಸರುವಾಸಿ ಊರು. ಗುರುಗುಂಡಬ್ರಹ್ಮೇಶ್ವರ ಸ್ವಾಮಿ ಮಠದಿಂದಾಗಿ ಜಿಲ್ಲೆಯಾಚೆಗೂ ಗೊತ್ತಿರುವ ಊರು. ಸುತ್ತ ಕೆಂಪು ನೆಲ, ಮಳೆ ನಂಬಿದ ಕಡಲೆಕಾಯಿ, ರಾಗಿ, ಒಂದಷ್ಟು ಕುರಿ. ಈ ಕಡೆಯಿಂದ ಡಿಗ್ರಿ ಓದಲು ಶಿರಾ ಬಸ್ಸು ಹತ್ತುವ ಮಕ್ಕಳು ಮನೆಯಲ್ಲಿ ಕಾಲೇಜು ಕಂಡ ಮೊದಲ ತಲೆಮಾರು ಎಷ್ಟೋ ಸಲ. ಅವರ ಒಂದು ವಾರ ಹೇಗಿರುತ್ತದೆ ಅನ್ನೋದು ಸಿಲಬಸ್ ಬರೆಯುವ ಮಹನೀಯರಿಗೆ ಗೊತ್ತಿದ್ದರೆ ಈ ಅಂಕಣ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಬಸ್ಸೇ ಬರೆದ ಟೈಂ ಟೇಬಲ್

ಕಾಲೇಜಿನ ಗೋಡೆಯ ಮೇಲೊಂದು ಟೈಂ ಟೇಬಲ್ ಅಂಟಿಸಿರುತ್ತಾರೆ. ಸೋಮವಾರ ಹತ್ತು ಗಂಟೆಗೆ ಕನ್ನಡ, ಹನ್ನೊಂದಕ್ಕೆ ಅರ್ಥಶಾಸ್ತ್ರ, ಹೀಗೆ. ಹಳ್ಳಿ ಹುಡುಗಿಯ ಟೈಂ ಟೇಬಲ್ ಅಲ್ಲಿಂದ ಶುರುವಾಗೋದಿಲ್ಲ. ಕೊಟ್ಟಿಗೆಯಿಂದ ಶುರುವಾಗುತ್ತೆ. ಬೆಳಕು ಹರಿಯುವ ಮುಂಚೆ ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ನೀರು ಹಿಡಿದು, ಬುತ್ತಿ ಕಟ್ಟಿಕೊಂಡು ರಸ್ತೆಗೆ ಬಂದು ನಿಲ್ಲಬೇಕು. ಈ ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ತಪ್ಪಿತು. ಆಟೋಗೆ ಕೊಡಲು ಕಾಸಿಲ್ಲದಿದ್ದರೆ ಎರಡನೆಯದೂ ತಪ್ಪಿತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಪುಕ್ಕಟೆ ಆಯಿತು. ಇದನ್ನು ಹಗುರವಾಗಿ ಕಾಣಬಾರದು. ಬಸ್ ಚಾರ್ಜಿನ ನೆಪ ಹೇಳಿ ಮಗಳ ಓದು ನಿಲ್ಲಿಸುತ್ತಿದ್ದ ಮನೆಗಳ ಬಾಯಿ ಕಟ್ಟಿಸಿದ ಯೋಜನೆ ಅದು. ಆದರೆ ಟಿಕೆಟ್ ಪುಕ್ಕಟೆ ಆದ ಮೇಲೆ ಬಸ್ಸೂ ಹೆಚ್ಚಾಗಬೇಕಲ್ಲವೇ ಸ್ವಾಮಿ? ತುಂಬಿದ ಬಸ್ಸು ನಿಲ್ಲಿಸದೆ ಹೋದರೆ ಪುಕ್ಕಟೆ ಟಿಕೆಟ್ ಇಟ್ಟುಕೊಂಡು ಏನು ಮಾಡೋದು? ಹುಡುಗರ ಕಥೆ ಇನ್ನೊಂದು ಥರ. ದುಡ್ಡು ಕಟ್ಟಿ ಸರ್ಕಾರಿ ಬಸ್ಸಿನ ಪಾಸು ಮಾಡಿಸುತ್ತಾರೆ. ಹಿಂದೆಯೇ ಬರುವ ಪ್ರೈವೇಟ್ ಬಸ್ಸಿನಲ್ಲಿ ಆ ಪಾಸು ನಡೆಯೋದಿಲ್ಲ.

ಕಾಲೇಜು ಮುಟ್ಟಿದ ಮೇಲೆ? ಹತ್ತು ಗಂಟೆಗೆ ಒಂದು ಪಾಠ ಆಯಿತು. ಮುಂದಿನ ಎರಡು ಗಂಟೆ ಮೇಷ್ಟ್ರಿಲ್ಲ. ಮರದ ಕೆಳಗೆ ಕೂತರು. ಮಧ್ಯಾಹ್ನ ಇನ್ನೊಂದು ಪಾಠ. ಕೊನೆಯ ಪಿರಿಯಡ್ ಮುಗಿಯುವಷ್ಟರಲ್ಲಿ ಊರ ಬಸ್ಸು ಹೊರಡುವ ಹೊತ್ತು. ಪಾಠ ಕೇಳಿದರೆ ಬಸ್ಸು ಇಲ್ಲ, ಬಸ್ಸು ಹಿಡಿದರೆ ಹಾಜರಿ ಇಲ್ಲ. ಕತ್ತಲಾದ ಮೇಲೆ ಮನೆ ಸೇರಿದ ಹುಡುಗಿಗೆ ಮಾರನೆ ದಿನ ಎಂಥ ಮಾತು ಕೇಳಿಸುತ್ತೆ ಅನ್ನೋದನ್ನು ಹಳ್ಳಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಅವಳು ಬಸ್ಸನ್ನೇ ಹಿಡಿಯುತ್ತಾಳೆ.

ಶನಿವಾರ ಅರ್ಧ ದಿನ ಕಾಲೇಜು, ಉಳಿದರ್ಧ ಸೈಬರ್ ಸೆಂಟರ್. ಅಡ್ಮಿಷನ್, ಪರೀಕ್ಷೆ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ಬಾಗಿಲಲ್ಲಿ ನುಗ್ಗಬೇಕು. ಅದು ತೆರೆಯದಿದ್ದರೆ ಸೋಮವಾರದ ಪಾಠ ಬಿಟ್ಟು ಮತ್ತೆ ಅದೇ ಅಂಗಡಿ ಮುಂದೆ ಸಾಲು. ಭಾನುವಾರ ಹುಡುಗ ಗಾರೆ ಕೆಲಸಕ್ಕೋ ಮದುವೆ ಮನೆಯಲ್ಲಿ ಬಡಿಸೋಕೋ ಹೋಗುತ್ತಾನೆ. ಹುಡುಗಿ ಬಟ್ಟೆ ಒಗೆದು, ಹೊಲಕ್ಕೆ ಹೋಗಿ ಬಂದು, ರಾತ್ರಿ ಅಸೈನ್‌ಮೆಂಟ್ ಬರೆಯುತ್ತಾಳೆ. ವಾರ ಮುಗಿಯಿತು. ಓದಿದ್ದು ಯಾವಾಗ ಅಂತ ನೀವು ಕೇಳಬಹುದು. ಅವರೂ ಅದನ್ನೇ ಕೇಳುತ್ತಿದ್ದಾರೆ.

ಲೆಕ್ಕ ಸಣ್ಣದು

ಪಿಯುಸಿಯನ್ನು ಪೂರ್ತಿ ದಾಟದ ಈ ವರದಿಗಾರನಿಗೂ ಅರ್ಥವಾಗುವ ಲೆಕ್ಕವೊಂದಿದೆ. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ. ಸೆಮಿಸ್ಟರ್ ಒಂದಕ್ಕೆ ಕನಿಷ್ಠ 90 ದಿನ ಪಾಠ ನಡೆಯಬೇಕು ಅನ್ನೋದು ಯುಜಿಸಿಯ ಅಳತೆ. ವಾರಕ್ಕೆ ಆರು ದಿನದಂತೆ 15 ವಾರ. ನಾಲ್ಕು ಕ್ರೆಡಿಟ್‌ನ ಒಂದು ವಿಷಯಕ್ಕೆ ಒಟ್ಟು 60 ತರಗತಿ. ನೂರಕ್ಕೆ 75 ಅಂದರೆ 45ಕ್ಕೆ ಬರಬೇಕು, 15 ತಪ್ಪಿದರೂ ನಡೆಯುತ್ತೆ.

ಈಗ ಆ ವಿಷಯಕ್ಕೆ ಅತಿಥಿ ಉಪನ್ಯಾಸಕರು ಏಳು ವಾರ ತಡವಾಗಿ ಬಂದರು ಅಂತ ಇಟ್ಟುಕೊಳ್ಳಿ. ಉಳಿದ ಎಂಟು ವಾರದಲ್ಲಿ ನಡೆಯುವುದು 32 ತರಗತಿ. ಹಾಜರಿಯ ಲೆಕ್ಕ ಹಾಕುವುದು ನಡೆದ ತರಗತಿಯ ಮೇಲೆ. ಹಾಗಾಗಿ ಹುಡುಗ ಈಗ ತಪ್ಪಿಸಬಹುದಾದದ್ದು 8 ಮಾತ್ರ. ನೋಡಿದಿರಾ ಚಮತ್ಕಾರ? ಗೈರುಹಾಜರಾದದ್ದು ಸರ್ಕಾರ. ರಜೆ ಕಡಿತವಾದದ್ದು ಹುಡುಗನಿಗೆ!

ಆ 8 ತರಗತಿ ಎಂದರೆ ಎರಡು ವಾರ. ಜೂನ್ ಜುಲೈನಲ್ಲಿ ಬಿತ್ತಿದ ಕಡಲೆಕಾಯಿ ಅಕ್ಟೋಬರ್ ನವೆಂಬರ್‌ನಲ್ಲಿ ಕೀಳೋಕೆ ಬರುತ್ತೆ. ಕೂಲಿಯಾಳಿಗೆ ಕೊಡಲು ದುಡ್ಡಿಲ್ಲದ ಮನೆಯಲ್ಲಿ ಕಾಲೇಜು ಹುಡುಗನೇ ಆಳು. ಗಿಡ ಕಿತ್ತು, ಒಣಗಿಸಿ, ಕಾಯಿ ಬಿಡಿಸಿ ಮುಗಿಸಬೇಕು. ನಡುವೆ ಮಳೆ ಹನಿದರೆ ಕಾಯಿ ನೆಲದಲ್ಲೇ ಮೊಳೆಯುತ್ತೆ. ಸೆಮಿಸ್ಟರ್ ಕಾಯುತ್ತೆ ಅಂತ ಕಡಲೆಕಾಯಿ ಕಾಯೋದಿಲ್ಲ. ಹುಡುಗ ಹತ್ತು ದಿನ ಹೊಲಕ್ಕೆ ಹೋದ. ವಾಪಸು ಬಂದು ನೋಡಿದರೆ ನೋಟೀಸ್ ಬೋರ್ಡಿನಲ್ಲಿ ಹಾಜರಿ ಕೊರತೆಯ ಪಟ್ಟಿ, ಅದರಲ್ಲಿ ಅವನ ಹೆಸರು. ಹಿಂದೆ ವರ್ಷಕ್ಕೊಂದೇ ಪರೀಕ್ಷೆ ಇದ್ದ ಕಾಲದಲ್ಲಿ ಹತ್ತು ದಿನದ ನಷ್ಟವನ್ನು ಬೇಸಿಗೆಯಲ್ಲಿ ಓದಿ ತುಂಬಿಕೊಳ್ಳುತ್ತಿದ್ದರು. ಸೆಮಿಸ್ಟರಿನಲ್ಲಿ ಆ ಸಂದು ಎಲ್ಲಿದೆ? ಟೆಸ್ಟು, ಅಸೈನ್‌ಮೆಂಟು, ಪರೀಕ್ಷೆ, ಮತ್ತೆ ಮುಂದಿನ ಸೆಮಿಸ್ಟರು.

ಅದೇ ತಕ್ಕಡಿಯಲ್ಲಿ ಸರ್ಕಾರವನ್ನೂ ತೂಗೋಣ. 90 ದಿನದಲ್ಲಿ ಕಾಲು ಭಾಗ ಅಂದರೆ 22 ದಿನ. ಮೇಷ್ಟ್ರನ್ನು ಕಳಿಸೋದು ನಾಲ್ಕು ವಾರ ತಡವಾದರೆ 24 ದಿನ ಹೋಯಿತು. ಅಂದರೆ ನಾಲ್ಕೇ ವಾರಕ್ಕೆ ಸರ್ಕಾರಕ್ಕೂ ಹಾಜರಿ ಕೊರತೆ. ಹಾಲ್ ಟಿಕೆಟ್ ತಡೆಹಿಡಿಯಬೇಕಾದದ್ದು ಯಾರದ್ದು, ನೀವೇ ಹೇಳಿ.

ಗೊತ್ತಿದ್ದೂ ಗೊತ್ತಿಲ್ಲದಂತೆ

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಹೆಸರಿಗೆ ಅತಿಥಿ. ವರ್ಷಾನುಗಟ್ಟಲೆ ಮನೆಯಲ್ಲೇ ಇರುವ, ಊಟಕ್ಕೆ ಮಾತ್ರ ಕರೆಯದ ಅತಿಥಿ. ಸೇವೆ ಕಾಯಂ ಮಾಡಿ ಎಂದು 2023ರ ನವೆಂಬರ್‌ನಲ್ಲಿ ಅವರು ತರಗತಿ ಬಹಿಷ್ಕರಿಸಿದರು. 2024ರ ಜನವರಿಯಲ್ಲಿ ನಮ್ಮ ತುಮಕೂರಿನಿಂದಲೇ ಬೆಂಗಳೂರಿಗೆ ನಡೆದು ಹೋದರು. ಗೌರವಧನ ಒಂದಿಷ್ಟು ಏರಿತು, ಕೆಲಸ ಕಾಯಂ ಆಗಲಿಲ್ಲ. 2025–26ರಲ್ಲಿ ಯುಜಿಸಿ ಅರ್ಹತೆಯ ತಕರಾರು ಎದ್ದು ನೇಮಕವೇ ತಡವಾಯಿತು. ಎಂ.ಎ. ಮಾಡಿ ಬೀದಿಯಲ್ಲಿ ಕೂತ ಮೇಷ್ಟ್ರ ಸಂಕಟವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ತಿಂಗಳುಗಳಲ್ಲಿ ಖಾಲಿ ಕೊಠಡಿ ನೋಡಿ ಮನೆಗೆ ಬಂದ ಮಕ್ಕಳ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ಇದರ ಮೇಲೆ ಪಠ್ಯದ ಕುಣಿತ ಬೇರೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ ಎಂದರು. 2024–25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಎಂದರು. ಯಾವ ನೀತಿ ಒಳ್ಳೆಯದು ಅನ್ನೋದನ್ನು ಬಲ್ಲವರು ಹೇಳಲಿ. ನಮಗೆ ಕಾಣುವುದು ಒಂದೇ ಮನೆಯ ಸಂಗತಿ. 2023ರಲ್ಲಿ ಸೇರಿದ ಅಕ್ಕನದು ಒಂದು ಸಿಲಬಸ್, 2024ರಲ್ಲಿ ಸೇರಿದ ತಮ್ಮನದು ಇನ್ನೊಂದು. ಅಕ್ಕನ ಪುಸ್ತಕ ತಮ್ಮನಿಗೆ ಬರೋದಿಲ್ಲ. ಬಡವರ ಮನೆಯಲ್ಲಿ ಅದು ಸಣ್ಣ ನಷ್ಟವಲ್ಲ.

ಅಧಿಕಾರಿಗಳನ್ನು ಕೇಳಿದರೆ ಸಿದ್ಧ ಉತ್ತರವಿದೆ. ‘ಅಡ್ಮಿಷನ್ ಮುಗಿಯದೆ ಎಷ್ಟು ಕಾರ್ಯಭಾರ ಅಂತ ಗೊತ್ತಾಗೋದು ಹೇಗೆ? ಗೊತ್ತಾಗದೆ ನೇಮಕ ಹೇಗೆ?’ ಮಾತು ಅರ್ಧ ನಿಜ. ಮೊದಲ ವರ್ಷದ ಮಟ್ಟಿಗೆ ಅದು ಸರಿ. ಎರಡನೇ ವರ್ಷ, ಮೂರನೇ ವರ್ಷಕ್ಕೆ? ಆ ಮಕ್ಕಳು ಆಗಲೇ ಕಾಲೇಜಿನ ಪುಸ್ತಕದಲ್ಲಿದ್ದಾರೆ. ಅವರಿಗೆ ಎಷ್ಟು ಗಂಟೆ ಪಾಠ ಬೇಕು ಅನ್ನೋದು ಬೇಸಿಗೆ ರಜೆಯಲ್ಲೇ ಗೊತ್ತಿರುತ್ತೆ. ಗೊತ್ತಿದ್ದೂ ಕಾಯೋದಕ್ಕೆ ಏನೆಂದು ಹೆಸರಿಡೋಣ?

‘ಹುಡುಗರು ಸರಿಯಿಲ್ಲ, ಪಾಠ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಒತ್ತುತ್ತಾ ಕೂರುತ್ತಾರೆ’ ಅನ್ನೋರೂ ಇದ್ದಾರೆ. ಇರಬಹುದು. ಅಂಥವರೂ ಉಂಟು. ಅವರನ್ನು ಹಿಡಿಯೋಕೆ ಹಾಜರಿ ಪುಸ್ತಕ ಇದೆಯಲ್ಲ! ಬಸ್ಸಿಗೆ ಕಾಯುತ್ತಿರುವವನನ್ನೂ ಸೋಮಾರಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ ಅನ್ನೋದಷ್ಟೇ ಬೇಡಿಕೆ.

ಆಗಬೇಕಾದದ್ದು ಏನು?

ಇದಕ್ಕೆ ಕೋಟಿಗಟ್ಟಲೆ ಖರ್ಚು ಬೇಕಾಗಿಲ್ಲ. ಮೊದಲನೆಯದು, ಎರಡನೇ ಮತ್ತು ಮೂರನೇ ವರ್ಷದ ಪಾಠಕ್ಕೆ ಅತಿಥಿ ಉಪನ್ಯಾಸಕರನ್ನು ಕಾಲೇಜು ತೆರೆಯುವ ಮುನ್ನವೇ ನೇಮಿಸಲಿ. ಎರಡನೆಯದು, ಪ್ರತಿ ತಿಂಗಳ ಕೊನೆಗೆ ಯಾವ ವಿಷಯಕ್ಕೆ ಎಷ್ಟು ತರಗತಿ ನಡೆಯಬೇಕಿತ್ತು, ಎಷ್ಟು ನಡೆಯಿತು ಅನ್ನೋದನ್ನು ಹುಡುಗರ ಹಾಜರಿ ಪಟ್ಟಿಯ ಪಕ್ಕದಲ್ಲೇ ಅಂಟಿಸಲಿ. ಕಾಲು ಭಾಗಕ್ಕಿಂತ ಹೆಚ್ಚು ಪಾಠ ನಡೆಯದ ವಿಷಯದಲ್ಲಿ ಯಾರಿಗೂ ಹಾಜರಿ ಕೊರತೆಯ ಶಿಕ್ಷೆ ಬೇಡ. ಉಳಿದ ಪಾಠವನ್ನು ಸಂಜೆ ಆರರ ತನಕ ಎಳೆದು ಮುಗಿಸುವ ಸಾಹಸವೂ ಬೇಡ, ಆ ಹೊತ್ತಿಗೆ ಹಳ್ಳಿಯವರು ಇರೋಕೆ ಆಗೋದಿಲ್ಲ.

ಮೂರನೆಯದು ಎಲ್ಲಕ್ಕಿಂತ ಸುಲಭ. ಸೆಮಿಸ್ಟರ್ ಶುರುವಾಗುವ ಮುಂಚೆ ಪ್ರಿನ್ಸಿಪಾಲರು, ಡಿಪೊ ಮ್ಯಾನೇಜರು ಒಂದು ಗಂಟೆ ಒಂದೇ ಮೇಜಿನ ಮುಂದೆ ಕೂರಲಿ. ಯಾವ ಊರಿನ ಮಕ್ಕಳು ಎಷ್ಟು ಅನ್ನೋ ಪಟ್ಟಿ ಕಾಲೇಜಿನಲ್ಲಿದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಅನ್ನೋ ಪಟ್ಟಿ ಡಿಪೊದಲ್ಲಿದೆ. ಎರಡನ್ನೂ ಎದುರುಬದುರು ಇಟ್ಟರೆ, ಕೊನೆಯ ಪಿರಿಯಡನ್ನು ಇಪ್ಪತ್ತು ನಿಮಿಷ ಹಿಂದಕ್ಕೋ ಬಸ್ಸನ್ನು ಇಪ್ಪತ್ತು ನಿಮಿಷ ಮುಂದಕ್ಕೋ ಸರಿಸೋದು ಯಾವ ಮಹಾಕಾರ್ಯ? ಟೀ ಆರುವಷ್ಟರಲ್ಲಿ ಮುಗಿಯುವ ಕೆಲಸ.

ಓಟಿನ ಹೊತ್ತಿಗೆ ಪಟ್ಟನಾಯಕನಹಳ್ಳಿ ಕಡೆಗೆ ದೊಡ್ಡವರ ಕಾರುಗಳು ಟೈಂ ತಪ್ಪದೆ ಬರುತ್ತವೆ, ಮಠದ ಮುಂದೆ ಸಾಲಾಗಿ ನಿಲ್ಲುತ್ತವೆ. ಆಗ ಯಾರಿಗೂ ಗೈರುಹಾಜರಿ ಇಲ್ಲ. ಮುಂದಿನ ಸೆಮಿಸ್ಟರಿನ ಮೊದಲ ಸೋಮವಾರ ಬೆಳಗಿನ ಬಸ್ಸೂ, ಹತ್ತು ಗಂಟೆಯ ಮೇಷ್ಟ್ರೂ ಅಷ್ಟೇ ಠೀವಿಯಿಂದ ಬಂದಾರೆಯೇ? ಶಿರಾ ಶಾಸಕರು, ಕಾಲೇಜು ಶಿಕ್ಷಣ ಇಲಾಖೆಯವರು, ಸಾರಿಗೆ ಸಂಸ್ಥೆಯವರು ಉತ್ತರ ಹೇಳಲಿ. ‘ಪ್ರೆಸೆಂಟ್ ಸಾರ್’ ಎನ್ನಲು ಅವರಿಗೂ ಇನ್ನೂ ಕಾಲ ಮಿಂಚಿಲ್ಲ.