ಬರದ ಲೆಕ್ಕದಲ್ಲಿ ಬೇರಿಗೂ ಸ್ಥಾನವಿರಲಿ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಗೆ ಬರಗಾಲ ಅಪರಿಚಿತವಲ್ಲ. ಆದರೆ ಮುಂಗಾರಿನ ನಡುವೆಯೇ ಮಳೆ ವಾರಗಟ್ಟಲೆ ಕೈಕೊಡುವುದು ಈಗಿನ ದೊಡ್ಡ ಆತಂಕ. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಮಳೆಯಾಶ್ರಿತ ಮೆಕ್ಕೆಜೋಳ ಸೂಲಂಗಿ ಬಿಟ್ಟು ಕಾಳು ಕಟ್ಟುವ ಹೊತ್ತು ಅದು. ಆಗ ತೇವ ತಪ್ಪಿದರೆ ಮುಂದೆ ಎಷ್ಟು ಮಳೆ ಸುರಿದರೂ ತೆನೆ ತುಂಬದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಬರಕ್ಕೆ ನಮ್ಮ ಸರ್ಕಾರಗಳು ಕಂಡುಕೊಂಡಿರುವ ಉತ್ತರ ಎರಡು: ಪರಿಹಾರಧನ ಮತ್ತು ನೀರು. ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಅಗತ್ಯವಾದದ್ದೇ. ಆದರೆ ಕೆರೆಯ ನೀರು ಮುಟ್ಟದ ಹೊಲದಲ್ಲಿ ಮಳೆ ನಿಂತ ಮೇಲೆ ಪೈರನ್ನು ಕಾಯುವುದು ಮಣ್ಣಿನೊಳಗೆ ಉಳಿದ ತೇವ. ಅದನ್ನು ಎಟುಕಿಸಿಕೊಳ್ಳುವುದು ಬೇರು.

ಈ ದಿಕ್ಕಿನ ಸಂಶೋಧನೆ ಪ್ರಯೋಗಾಲಯಕ್ಕಷ್ಟೇ ಸೀಮಿತವಲ್ಲ. ಜಪಾನಿನ ವಿಜ್ಞಾನಿಗಳು 2013ರಲ್ಲಿ ಫಿಲಿಪ್ಪೀನ್ಸ್‌ನ ನಾಡತಳಿಯೊಂದರ ‘ಡಿಆರ್‌ಒ1’ ವಂಶವಾಹಿಯನ್ನು ಐ.ಆರ್. 64 ಭತ್ತಕ್ಕೆ ಸೇರಿಸಿದರು. ಬೇರು ಅಡ್ಡಕ್ಕೆ ಹರಡುವ ಬದಲು ಕೆಳಮುಖವಾಗಿ ಇಳಿಯಿತು. ಬರದಲ್ಲಿಯೂ ಇಳುವರಿ ಉಳಿಯಿತು. ಅದೇ ವರ್ಷ ಅಮೆರಿಕದ ಜೊನಾಥನ್ ಲಿಂಚ್, ನೇರವಾಗಿ ಆಳಕ್ಕಿಳಿಯುವ ಬೇರುಗಳೇ ಮೆಕ್ಕೆಜೋಳಕ್ಕೆ ಲೇಸೆಂದು ಪ್ರತಿಪಾದಿಸಿದರು. ಇವರಿಗಿಂತ ಮೊದಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಎಚ್.ಇ. ಶಶಿಧರ್ ಅವರ ತಂಡ ಭತ್ತದ ಬೇರನ್ನು ಅಧ್ಯಯನ ಮಾಡಿ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯಬಹುದಾದ ‘ಶಾರದಾ’ ತಳಿಯನ್ನು ರೂಪಿಸಿತ್ತು.

ಆದರೆ ಎಲ್ಲೆಡೆಗೂ ಒಪ್ಪುವ ಬೇರು ಎಂಬುದಿಲ್ಲ. ಆಳವಾದ ಎರೆಭೂಮಿಯಲ್ಲಿ ಉದ್ದನೆಯ ಬೇರು ವರದಾನ. ಒಂದೆರಡು ಅಡಿಗೇ ಗರಸು ಸಿಗುವ ಕೆಂಪು ನೆಲದಲ್ಲಿ ಅದು ಇಳಿಯುವುದಾದರೂ ಎಲ್ಲಿಗೆ? ಅಲ್ಲಿ ಮೇಲ್ಮಣ್ಣಿನ ತೇವವನ್ನು ಬೇಗ ಹೀರುವ ಬೇರೇ ಗೆಲ್ಲಬಹುದು. ಒಂದೇ ಆಳಕ್ಕೆ ಪದೇ ಪದೇ ಉತ್ತು ಗಡುಸಾದ ಪದರವಿದ್ದರಂತೂ ಯಾವ ತಳಿಯೂ ಸೋಲುತ್ತದೆ.

ಆದ್ದರಿಂದ ತಳಿ ಪರೀಕ್ಷೆ ಸಂಶೋಧನಾ ಕೇಂದ್ರದ ಫಲವತ್ತಾದ ತಾಕಿಗೆ ಸೀಮಿತವಾಗಬಾರದು. ಬಿಳಿಚೋಡಿನಂತಹ ಕಡೆ, ರೈತರ ಹೊಲದಲ್ಲಿಯೇ ನಡೆಯಬೇಕು. ಇಳುವರಿಯ ಜೊತೆಗೆ ಬೇರಿನ ಆಳ, ಹರವುಗಳೂ ದಾಖಲಾಗಬೇಕು. ಬೀಜದ ಚೀಲದ ಮೇಲೆ ಅವಧಿ, ಇಳುವರಿ ಓದುವ ರೈತನಿಗೆ ತನ್ನ ಮಣ್ಣಿಗೆ ಹೊಂದುವ ಬೇರು ಯಾವುದೆಂದು ತಿಳಿಯುವ ಹಕ್ಕೂ ಇದೆ. ಬೆಳೆ ಒಣಗಿದ ಮೇಲೆ ಹಂಚುವ ಪರಿಹಾರದ ಅಲ್ಪಭಾಗವನ್ನು ಇದಕ್ಕೆ ಮೀಸಲಿಟ್ಟರೂ ಮುಂದಿನ ಬರದ ನಷ್ಟ ತಗ್ಗೀತು.