ಭಾನುವಾರದ ಆಟ

ಭಾನುವಾರ ಬೆಳಿಗ್ಗೆ ಮಗನಿಗೆ ಮೈದಾನದಲ್ಲಿ ಪಂದ್ಯ. ಅದೇ ಹೊತ್ತಿಗೆ ದೇವಾಲಯದಲ್ಲಿ ಆರಾಧನೆ. ಯಾವುದಕ್ಕೆ ಕಳುಹಿಸುವುದು? ಮುಂಬಯಿಯ ನಮ್ಮ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಆಗಾಗ ಏಳುವ ಪ್ರಶ್ನೆಯಿದು.

ಇಂಥಲ್ಲಿ ಹಿರಿಯರು ಎರಿಕ್ ಲಿಡೆಲ್ಲನ ಹೆಸರೆತ್ತುವುದುಂಟು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿದ್ದಿತು. ದೇವರ ದಿನ ಓಡಲೊಲ್ಲೆನೆಂದು ಸ್ಕಾಟ್‌ಲೆಂಡಿನ ಈ ತರುಣನು ಅದನ್ನು ಬಿಟ್ಟನು. ಆಮೇಲೆ 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದನು.

ಕಥೆಯನ್ನು ಅಲ್ಲಿಗೇ ನಿಲ್ಲಿಸಬಾರದು. ಮಿಷನರಿಯಾಗಿ ಚೀನಕ್ಕೆ ಹೋದ ಆತನು 1943ರಲ್ಲಿ ಜಪಾನೀಯರ ಬಂಧನ ಶಿಬಿರ ಸೇರಬೇಕಾಯಿತು. ತಾಯಿತಂದೆಯರಿಂದ ಅಗಲಿದ ಮಕ್ಕಳು ಅಲ್ಲಿ ಅನೇಕರಿದ್ದರು. ಅವರಿಗೆ ಪಾಠ ಹೇಳಿದನು, ಆಟ ಆಡಿಸಿದನು. ಭಾನುವಾರ ಮಾತ್ರ ಇಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾನೇ ತೀರ್ಪುಗಾರನಾಗಿ ಬಂದು ನಿಂತನು. 1945ರಲ್ಲಿ, ಬಿಡುಗಡೆಗೆ ಮೊದಲೇ, ಅಲ್ಲಿಯೇ ತೀರಿಕೊಂಡನು.

ತನ್ನ ಪದಕಕ್ಕಾಗಿ ಮುರಿಯದ ನಿಯಮವನ್ನು ಪರರ ಮಕ್ಕಳಿಗಾಗಿ ಸಡಿಲಿಸಿದನಲ್ಲ, ಆತನ ಭಕ್ತಿಯ ಗುಟ್ಟು ಅಲ್ಲಿದೆ. ನಾವೂ ಕೇಳಿಕೊಳ್ಳೋಣ: ಈ ಪಂದ್ಯ ಮಗುವಿನ ಒಳಿತಿಗೋ, ನಮ್ಮ ಹೆಮ್ಮೆಗೋ? ಬೆಳಿಗ್ಗೆ ಪ್ರಾರ್ಥನೆಗೆ ತಲೆಬಾಗಿ, ಮಧ್ಯಾಹ್ನ ಮೈದಾನದಂಚಿನಲ್ಲಿ ಅಂಪೈರನ್ನು ಬೈಯುವ ತಂದೆಯಿಂದ ಮಗನು ಕಲಿಯುವುದೇನು? ವಾರ ಯಾವುದಾದರೂ ಆಗಲಿ, ಸೋತು ಬಂದ ಮಗುವಿಗೆ ಮನೆಯ ಬಾಗಿಲಲ್ಲಿ ನಗುಮುಖ ಕಾಣಲಿ.