ಹಾಸ್ಟೆಲ್‌ನವರಿಗೆ ಎರಡು ವಿಳಾಸ, ಶೆಡ್‌ನವರಿಗೆ ಒಂದೂ ಇಲ್ಲ

ಡಿಗ್ರಿ ಕೈಗೆ ಬರಬೇಕು ಅಂದ್ರೆ ಕ್ರೆಡಿಟ್ ಮಾತ್ರ ಸಾಲದು, ಎಐಸಿಟಿಇ ಆಕ್ಟಿವಿಟಿ ಪಾಯಿಂಟ್‌ಗಳೂ ಬೇಕು. ವಿಟಿಯು ವ್ಯಾಪ್ತಿಯಲ್ಲಿ ರೆಗ್ಯುಲರ್‌ನವರಿಗೆ 100, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರಿಗೆ 75. ಕೊನೆಯ ವರ್ಷ ಹತ್ತಿರ ಬರ್ತಿದ್ದ ಹಾಗೆ ಕ್ಯಾಂಪಸ್‌ನಲ್ಲಿ ಸಮಾಜಸೇವೆಗೆ ದಿಢೀರ್ ಸುಗ್ಗಿ. ಗಿಡ ನೆಡೋದು, ಕೆರೆ ದಂಡೆ ಗುಡಿಸೋದು, ರಕ್ತದಾನ, ಒಂದು ಗ್ರೂಪ್ ಫೋಟೋ, ಒಂದು ಸರ್ಟಿಫಿಕೇಟ್. ಇದ್ಯಾವುದೂ ಕೆಟ್ಟದ್ದಲ್ಲ. ಆದರೆ ಸೇವೆ ಅಂದ್ರೆ ಇಷ್ಟೇ ಅಂತ ನಾವೆಲ್ಲ ನಂಬಿಬಿಟ್ಟರೆ ಅದು ತೊಂದರೆ.

ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಲ್ಲಿ ಇನ್ನೊಂದು ಬಗೆಯೂ ಇದೆ. ಅವರು ಗಿಡ ನೆಡಲ್ಲ, ಊಟ ಹಂಚಲ್ಲ. ಅರ್ಜಿ ಬರೀತಾರೆ. ಮಾಹಿತಿ ಹಕ್ಕಿನಲ್ಲಿ ಕಾಗದ ಕೇಳ್ತಾರೆ. ಸರ್ಕಾರ ಕರಡು ನಿಯಮ ಹೊರಡಿಸಿದಾಗ ಕೂತು ಓದಿ ಆಕ್ಷೇಪಣೆ ಸಲ್ಲಿಸ್ತಾರೆ. ಯಾವುದಕ್ಕೂ ಉತ್ತರ ಬರದಿದ್ದರೆ ಕೋರ್ಟಿಗೆ ಹೋಗ್ತಾರೆ. ಮನೆ, ಶಾಲೆ, ಓಟು, ಈ ಮೂರರಲ್ಲಿ ಕಾನೂನು ಈಗಾಗಲೇ ಕೊಟ್ಟಿರೋದನ್ನು ಜನರ ಕೈಗೆ ಮುಟ್ಟಿಸೋದೇ ಅವರ ಕೆಲಸ. ಫೋಟೋದಲ್ಲಿ ಚೆನ್ನಾಗಿ ಕಾಣದ ಈ ಕೆಲಸಕ್ಕೆ ನಮ್ಮ ಸಮಯ ಹೋಗಬೇಕು, ಅದಕ್ಕೂ ಪಾಯಿಂಟ್ ಸಿಗಬೇಕು ಅನ್ನೋದು ನಮ್ಮ ವಾದ.

ಇದರಿಂದ ಏನಾಗುತ್ತೆ ಅಂತ ಕೇಳುವವರಿಗೆ ಒಂದು ಉದಾಹರಣೆ. 1999ರಲ್ಲಿ ಅಹಮದಾಬಾದ್ ಐಐಎಂನ ಕೆಲವು ಪ್ರೊಫೆಸರ್‌ಗಳು ಸೇರಿ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದ್ರೆ ಎಡಿಆರ್, ಶುರು ಮಾಡಿದರು. ಅವರ ಬೇಡಿಕೆ ಸರಳ: ಓಟು ಕೇಳೋಕೆ ಬಂದವರ ಮೇಲೆ ಎಷ್ಟು ಕ್ರಿಮಿನಲ್ ಕೇಸ್ ಇದೆ, ಆಸ್ತಿ ಎಷ್ಟು, ಓದಿದ್ದೆಷ್ಟು ಅನ್ನೋದು ಮತದಾರನಿಗೆ ಗೊತ್ತಾಗಬೇಕು. ದೆಹಲಿ ಹೈಕೋರ್ಟ್ ಒಪ್ಪಿತು, 2002ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ಸಂಸತ್ತು ಕಾಯ್ದೆಯನ್ನೇ ತಿದ್ದಿ ತೀರ್ಪಿನಿಂದ ತಪ್ಪಿಸಿಕೊಳ್ಳೋಕೆ ನೋಡಿತು. ಪಿಯುಸಿಎಲ್ ಮುಂತಾದವರು ಮತ್ತೆ ಕೋರ್ಟಿಗೆ ಹೋದರು, 2003ರ ಮಾರ್ಚ್‌ನಲ್ಲಿ ಆ ತಿದ್ದುಪಡಿ ಬಿದ್ದುಹೋಯಿತು. ಇವತ್ತು ನಾವು ಫೋನಿನಲ್ಲಿ ಅಭ್ಯರ್ಥಿಯ ಅಫಿಡವಿಟ್ ಓದೋದು ಈ ಹಟದಿಂದ. ಚುನಾವಣಾ ಬಾಂಡ್ ಯೋಜನೆ ಅಸಾಂವಿಧಾನಿಕ ಅಂತ 2024ರ ಫೆಬ್ರವರಿ 15ರಂದು ತೀರ್ಪು ಬಂದ ಕೇಸಿನಲ್ಲೂ ಎಡಿಆರ್ ಅರ್ಜಿದಾರ. ಪ್ರತಿ ಸಲ ಗೆದ್ದರು ಅಂತಲ್ಲ. ವಿವಿಪ್ಯಾಟ್ ಚೀಟಿಗಳನ್ನೆಲ್ಲ ಎಣಿಸಿ ತಾಳೆ ನೋಡಬೇಕು ಅನ್ನೋ ಅವರ ಕೋರಿಕೆಯನ್ನು 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಸೋತರೂ ಗೆದ್ದರೂ ಕೆಲಸ ಒಂದೇ: ಕಾಗದ ಹಿಡಿದು ಬೆನ್ನು ಬೀಳೋದು.

ಅದೇ ಏಪ್ರಿಲ್ 26 ಬೆಂಗಳೂರಿನಲ್ಲಿ ಲೋಕಸಭೆ ಮತದಾನದ ದಿನ. ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ. 55 ಕೂಡ ದಾಟಲಿಲ್ಲ. ಅವತ್ತೇ ಮತದಾನ ನಡೆದ ಮಂಡ್ಯದಲ್ಲಿ ಶೇ. 80 ದಾಟಿತ್ತು. ಪ್ರತಿ ಸಲ ಇದಕ್ಕೆ ಸಿಗೋ ವಿವರಣೆ ಒಂದೇ, 'ಸಿಟಿಯವರಿಗೆ ಸೋಮಾರಿತನ, ಲಾಂಗ್ ವೀಕೆಂಡ್'. ಅರ್ಧ ಸತ್ಯ. ಪಟ್ಟಿಯಲ್ಲಿ ಹೆಸರಿರೋರು ಬೇರೆ ಊರಿಗೆ ಹೋಗಿರ್ತಾರೆ, ಇಲ್ಲೇ ಪಿಜಿಯಲ್ಲಿರೋರ ಹೆಸರು ಇಲ್ಲಿನ ಪಟ್ಟಿಯಲ್ಲೇ ಇರಲ್ಲ. ಅಂದ್ರೆ ಇದು ಮನಸ್ಸಿನ ಸಮಸ್ಯೆ ಎಷ್ಟೋ, ವಿಳಾಸದ ಸಮಸ್ಯೆಯೂ ಅಷ್ಟೇ.

ನಮ್ಮ ವಿಷಯವನ್ನೇ ತಗೊಳ್ಳಿ. ಹಾಸ್ಟೆಲ್ ಅಥವಾ ಪಿಜಿಯಲ್ಲಿದ್ದು ಒಂದು ವರ್ಷಕ್ಕೆ ಕಡಿಮೆಯಿಲ್ಲದ ಮಾನ್ಯತೆ ಪಡೆದ ಕೋರ್ಸ್ ಓದುವ ವಿದ್ಯಾರ್ಥಿ ತನ್ನೂರಲ್ಲಾದರೂ ಮತದಾರನಾಗಬಹುದು, ಓದುವ ಊರಲ್ಲಾದರೂ ಆಗಬಹುದು. ಎರಡರಲ್ಲಿ ಒಂದು ಮಾತ್ರ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ, ಸುಳ್ಳು ಘೋಷಣೆ ಕೊಟ್ಟರೆ ಶಿಕ್ಷೆ ಇದೆ. ಹೊಸಬರಿಗೆ ಫಾರ್ಮ್ 6, ಊರಲ್ಲಿ ಈಗಾಗಲೇ ಹೆಸರಿದ್ದು ಇಲ್ಲಿಗೆ ತರೋರಿಗೆ ಫಾರ್ಮ್ 8. ಹಾಸ್ಟೆಲ್ ವಿಳಾಸಕ್ಕೆ ಕಾಲೇಜಿನಿಂದ ಬೋನಫೈಡ್ ಸರ್ಟಿಫಿಕೇಟ್ ಬೇಕು. ಮೊದಲು ಜನವರಿ 1ಕ್ಕೆ 18 ತುಂಬಿದ್ದರೆ ಮಾತ್ರ ಆಗ್ತಿತ್ತು. 2021ರ ತಿದ್ದುಪಡಿ ಆದ ಮೇಲೆ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಗಳು. ಕಾನೂನು ನಮಗೆ ಎರಡು ವಿಳಾಸ ಕೊಟ್ಟು 'ಆರಿಸ್ಕೊಳ್ಳಿ' ಅಂದಿದೆ.

ಈಗ ಯಾವುದೇ ಕಾಲೇಜಿನ ಹೊಸ ಬ್ಲಾಕ್ ಕಟ್ಟುವ ಜಾಗ ನೆನಪಿಸಿಕೊಳ್ಳಿ. ಪಕ್ಕದಲ್ಲಿ ನೀಲಿ ತಗಡಿನ ಶೆಡ್‌ಗಳು ಇದ್ದೇ ಇರ್ತವೆ. ಉತ್ತರ ಕರ್ನಾಟಕದಿಂದಲೋ ಬಿಹಾರ, ಒಡಿಶಾದಿಂದಲೋ ಬಂದ ಕುಟುಂಬಗಳು. ಬ್ಲಾಕ್ ಮುಗಿಯೋ ತನಕ ಅಲ್ಲೇ ಇರ್ತಾರೆ, ಆದರೆ ಆ ಜಾಗ ಯಾವ ಕಾಗದದಲ್ಲೂ ವಿಳಾಸ ಅಲ್ಲ. ವಿಳಾಸ ಇಲ್ಲ ಅಂದ್ರೆ ಇಲ್ಲಿ ಓಟಿಲ್ಲ. ಓಟಿಲ್ಲ ಅಂದ್ರೆ ಅವರ ನೀರು, ಶೌಚಾಲಯದ ಬಗ್ಗೆ ಕೇಳೋಕೆ ಯಾರೂ ಬರಲ್ಲ. ಮಗುವನ್ನು ಶಾಲೆಗೆ ಸೇರಿಸೋಕೆ ಹೋದರೆ ಅಲ್ಲೂ ದಾಖಲೆಯ ಪ್ರಶ್ನೆ. ಮನೆ, ಶಾಲೆ, ಓಟು ಅಂತ ನಾವು ಬೇರೆ ಬೇರೆ ಹೇಳ್ತೀವಿ. ಅವು ಸೀರೀಸ್‌ನಲ್ಲಿ ಜೋಡಿಸಿದ ಸರ್ಕ್ಯೂಟ್ ಇದ್ದ ಹಾಗೆ, ಒಂದು ಕಡೆ ತಂತಿ ಬಿಟ್ಟರೆ ಮೂರೂ ಬಲ್ಬ್ ಆರಿಹೋಗ್ತವೆ.

ವಿಚಿತ್ರ ಅಂದ್ರೆ ಕಾನೂನು ಇವರನ್ನು ಮರೆತಿಲ್ಲ. ಮನೆಯೇ ಇಲ್ಲದವರು ಫಾರ್ಮ್ 6 ಕೊಟ್ಟರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಬಿಎಲ್‌ಓ ರಾತ್ರಿ ಹೊತ್ತು ಹೋಗಿ ಅವರು ಅಲ್ಲೇ ಮಲಗ್ತಾರಾ ಅಂತ ನೋಡಿ ಖಾತ್ರಿ ಮಾಡಿಕೊಳ್ಳಬೇಕು ಅನ್ನೋದು ಚುನಾವಣಾ ಆಯೋಗದ್ದೇ ಸೂಚನೆ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 15ನೇ ಸೆಕ್ಷನ್ ಪ್ರಕಾರ ವರ್ಷದ ಮಧ್ಯದಲ್ಲಿ ಬಂದರೂ ಸೇರಿಸಿಕೊಳ್ಳಬೇಕು. ಬೀದಿ ಬದಿ ವಾಸ ಮಾಡುವವರನ್ನು ಎಬ್ಬಿಸುವ ಮೊದಲು ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು, ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಮುಂಬೈನ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಹೇಳಿದೆ. ಕೊಳಗೇರಿಗಳಿಗೆ ನಮ್ಮ ರಾಜ್ಯದಲ್ಲಿ 1973ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಆದರೆ 'ಘೋಷಿತ' ಅನ್ನೋ ಒಂದು ಪದ ಸೇರಿಸಿಕೊಳ್ಳೋಕೆ, ಆಮೇಲೆ ಹಕ್ಕುಪತ್ರ ಪಡೆಯೋಕೆ ವರ್ಷಗಟ್ಟಲೆ ಅಲೆದಾಟ. ಸ್ಲಂ ಜನಾಂದೋಲನದಂಥ ಸಂಘಟನೆಗಳು ಇದೇ ಅಲೆದಾಟದಲ್ಲಿ ಜನರ ಜೊತೆ ನಡೀತಿವೆ. ಕಾನೂನು ಪುಸ್ತಕದಲ್ಲಿದೆ, ಶೆಡ್ ಸೈಟಿನಲ್ಲಿದೆ. ನಡುವಿನ ದಾರಿ ಯಾರಾದರೂ ನಡೆಯಬೇಕು.

ಯಾರೂ ನಡೆಯದಿದ್ದರೆ ಇದ್ದದ್ದೂ ಹೋಗುತ್ತೆ. ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಕುಟುಂಬದ ಮಕ್ಕಳಿಗೆ ಶೇ. 25 ಸೀಟು ಅನ್ನೋದು ಶಿಕ್ಷಣ ಹಕ್ಕು ಕಾಯ್ದೆಯ ಮುಖ್ಯ ಭರವಸೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಅಂತ ಕರ್ನಾಟಕ ನಿಯಮ ತಿದ್ದಿತು, 2019-20ರಿಂದ ಜಾರಿಗೂ ಬಂತು. ಸರ್ಕಾರಿ ಶಾಲೆ ಉಳಿಯೋಕೆ ಇದು ಬೇಕು ಅನ್ನೋರೂ ಇದ್ದಾರೆ, ಬಡ ಮಕ್ಕಳ ಬಾಗಿಲು ಮುಚ್ಚಿತು ಅನ್ನೋರೂ ಇದ್ದಾರೆ. ಪಾಲಕರ ಕಡೆಯಿಂದ ಪ್ರಶ್ನೆ ಹೋಯಿತು, ಹೈಕೋರ್ಟ್ 2019ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನೀವು ಯಾವ ಕಡೆ ಇದ್ದರೂ ಸರಿ, ಕರಡು ನಿಯಮ ಬಂದಾಗ ಅದನ್ನು ಓದಿ ಮಾತಾಡೋ ಅಭ್ಯಾಸ ಇರೋರು ಎಷ್ಟು ಜನ ಅನ್ನೋದು ಪ್ರಶ್ನೆ.

'ಎನ್‌ಜಿಓ ಅಂದ್ರೆ ದುಡ್ಡು ಮಾಡೋ ದಾರಿ' ಅನ್ನೋ ಮಾತೂ ನಮ್ಮ ಕ್ಯಾಂಟೀನ್‌ನಲ್ಲಿ ಕೇಳಿಬರುತ್ತೆ. ಅನುಮಾನ ಇರಲಿ, ಅದು ಒಳ್ಳೆಯದೇ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿ ಹೆಸರಲ್ಲಿ ಮನೆಮನೆಗೆ ಹೋಗಿ ಜನರ ಮಾಹಿತಿ ಕಲೆಹಾಕಿದ ಆರೋಪ ಒಂದು ಸಂಸ್ಥೆಯ ಮೇಲೆ ಬಂತು. ಆಯೋಗ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಆದೇಶಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮರುಪರಿಶೀಲನೆಗೆ ಒಳಪಡಿಸಿತು. ಇದರಿಂದ ಕಲಿಯೋ ಪಾಠ 'ಯಾರ ಜೊತೆಗೂ ಸೇರಬೇಡಿ' ಅಂತ ಅಲ್ಲ. ಸೇರುವ ಮೊದಲು ನೋಂದಣಿ, ವಾರ್ಷಿಕ ಲೆಕ್ಕಪತ್ರ, ಹಣದ ಮೂಲ ಕೇಳಿ. ಯಾವುದಾದರೂ ಪಕ್ಷಕ್ಕೆ ಓಟು ಕೇಳ್ತಾರಾ ನೋಡಿ. ಡೇಟಾದ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫಾರ್ಮ್ ತುಂಬೋಕೆ ಸಹಾಯ ಮಾಡೋಣ, ಆದರೆ ಯಾರ ಆಧಾರ್ ನಂಬರೂ ನಮ್ಮ ಎಕ್ಸೆಲ್ ಶೀಟಿಗೆ ಬೇಡ.

ಇಷ್ಟು ಹೇಳಿದ ಮೇಲೆ ನಮ್ಮ ಬೇಡಿಕೆಗಳನ್ನೂ ಹೇಳಬೇಕು.

ಕಾಲೇಜಿನ ಆಡಳಿತಕ್ಕೆ: ಮತದಾರರ ನೋಂದಣಿಗೆ ಬೋನಫೈಡ್ ಕೇಳಿದವರಿಗೆ ಎರಡು ದಿನದಲ್ಲಿ ಸಿಗಲಿ, ಶುಲ್ಕ ಬೇಡ. ಸೆಮಿಸ್ಟರ್‌ಗೆ ಒಂದು ದಿನ ಬಿಎಲ್‌ಓ ಅವರನ್ನು ಕ್ಯಾಂಪಸ್‌ಗೆ ಕರೆಸಿ.

ಆಕ್ಟಿವಿಟಿ ಪಾಯಿಂಟ್ ನೋಡಿಕೊಳ್ಳುವ ಮೇಷ್ಟ್ರುಗಳಿಗೆ: ಸರ್ಕಾರಿ ಶಾಲೆಗೆ ಶೆಡ್‌ನ ಮಗುವನ್ನು ಸೇರಿಸೋಕೆ ಜೊತೆಗೆ ಹೋಗಿದ್ದನ್ನು, ಒಂದು ಆರ್‌ಟಿಐ ಅರ್ಜಿ ಹಾಕಿ ಉತ್ತರ ತಂದಿದ್ದನ್ನು, ಒಂದು ಕರಡು ನಿಯಮಕ್ಕೆ ಆಕ್ಷೇಪಣೆ ಬರೆದಿದ್ದನ್ನು ಗಿಡ ನೆಟ್ಟಷ್ಟೇ ಗೌರವದಿಂದ ಎಣಿಸಿ.

ಸಿವಿಲ್‌ನವರಿಗೆ: ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಹೋಗುತ್ತೆ ಅಂತ ಎಸ್ಟಿಮೇಷನ್‌ನಲ್ಲಿ ಬರೀತೀರಿ. ಆ ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತೆ. ಅದರ ಸೌಲಭ್ಯ ಸಿಗಬೇಕಾದರೆ ಕಾರ್ಮಿಕ 90 ದಿನ ಕೆಲಸ ಮಾಡಿದ ದೃಢೀಕರಣದೊಂದಿಗೆ ನೋಂದಣಿ ಆಗಿರಬೇಕು. ಸೈಟ್ ವಿಸಿಟ್‌ಗೆ ಹೋದಾಗ ಕಾಂಕ್ರೀಟ್ ಗ್ರೇಡ್ ಜೊತೆ ಇದನ್ನೂ ಕೇಳಿ, 'ಇಲ್ಲಿ ಎಷ್ಟು ಜನರ ನೋಂದಣಿ ಆಗಿದೆ?'

ಸಿಎಸ್, ಐಎಸ್‌ನವರಿಗೆ: ಹೊಸ ಆ್ಯಪ್ ಮಾಡೋ ಅಗತ್ಯ ಇಲ್ಲ. ಹತ್ತಿರದ ಶಾಲೆ ಎಲ್ಲಿ, ಬಿಎಲ್‌ಓ ಯಾರು, ಯಾವ ಕೊಳಗೇರಿ ಘೋಷಿತ, ಯಾವುದು ಅಲ್ಲ ಅನ್ನೋ ಒಂದು ಸರಿಯಾದ ಕನ್ನಡ ನಕ್ಷೆ ಮಾಡಿಕೊಟ್ಟರೆ ಇಂಥ ಸಂಸ್ಥೆಗಳ ಅರ್ಧ ಓಡಾಟ ಉಳಿಯುತ್ತೆ.

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ರಾಜಧಾನಿಯಲ್ಲೇ ವರ್ಷಗಟ್ಟಲೆ ಚುನಾಯಿತ ಕಾರ್ಪೊರೇಟರ್ ಇಲ್ಲದೆ ಆಡಳಿತ ನಡೆಯಿತು, ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ಕೇಳೋರು ಇಲ್ಲದ ಕಡೆ ಹಕ್ಕು ಹೀಗೆ ಸದ್ದಿಲ್ಲದೆ ಬಾಕಿ ಉಳಿಯುತ್ತೆ. ನಮ್ಮ ಬ್ಯಾಕ್‌ಲಾಗ್ ಆದರೆ ಪೋರ್ಟಲ್‌ನಲ್ಲಿ ಕೆಂಪಾಗಿ ಕಾಣುತ್ತೆ, ಫೀಸ್ ಕಟ್ಟಿ ಮತ್ತೆ ಬರೀತೀವಿ. ಶೆಡ್‌ನವರ ಬಾಕಿ ಯಾವ ಪೋರ್ಟಲ್‌ನಲ್ಲೂ ಕಾಣಲ್ಲ. ಎರಡು ವಿಳಾಸ ಇರೋ ನಾವು ಈ ಸೆಮ್‌ನಲ್ಲಿ ಮೊದಲು ನಮ್ಮ ಒಂದನ್ನು ಆರಿಸಿ ಪಟ್ಟಿಗೆ ಸೇರೋಣ. ಆಮೇಲೆ ಇನ್ನೊಂದು ಖಾಲಿ ಫಾರ್ಮ್ 6 ತಗೊಂಡು ಕಾಂಪೌಂಡಿನ ಆಚೆ ಹೋಗೋಣ.